ವಾರ್ಡೂ ಬೇಕು, ಲ್ಯಾಬೂ ಬೇಕು: ವೈದ್ಯ-ಸಂಶೋಧಕರನ್ನು ತಯಾರು ಮಾಡುವ ಗೈಡ್‌ಗೆ ಒಂದಿಷ್ಟು ಲೆಕ್ಕಾಚಾರ

ಪ್ರಶ್ನೆ: ಬೆಂಗಳೂರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಜನರಲ್ ಮೆಡಿಸಿನ್ ವಿಭಾಗದ ಅಸೋಸಿಯೇಟ್ ಪ್ರೊಫೆಸರ್ ಆಗಿದ್ದೇನೆ. ಇಬ್ಬರು ಎಂಡಿ ವಿದ್ಯಾರ್ಥಿಗಳಿಗೆ ಥೀಸಿಸ್ ಗೈಡ್. ಎಂಡಿ ಮುಗಿಸಿದ ಇನ್ನೊಬ್ಬ ವೈದ್ಯೆ ಈ ವರ್ಷ ನನ್ನ ಬಳಿ ಪಿಎಚ್‌ಡಿಗೆ ಸೇರಿದ್ದಾರೆ. ಅವರ ಕೋ-ಗೈಡ್ ನಗರದ ಉತ್ತರ ತುದಿಯ ಸಂಶೋಧನಾ ಸಂಸ್ಥೆಯೊಂದರ ವಿಜ್ಞಾನಿ. ನಮ್ಮ ಆಸ್ಪತ್ರೆ ಇರುವುದು ದಕ್ಷಿಣದಲ್ಲಿ. ಡ್ಯೂಟಿಗೆ ಸಿಗುವುದಿಲ್ಲ ಎಂದು ಯೂನಿಟ್‌ನವರು, ಲ್ಯಾಬಿಗೆ ಬರುವುದಿಲ್ಲ ಎಂದು ಕೋ-ಗೈಡ್, ಇಬ್ಬರ ದೂರೂ ನನ್ನ ಹತ್ತಿರವೇ ಬರುತ್ತದೆ. ಆ ವಿದ್ಯಾರ್ಥಿನಿಯಂತೂ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಮುಂದಿನ ವರ್ಷ ಡಿಎಂ (ಎಂಡಿ ನಂತರದ ಸೂಪರ್ ಸ್ಪೆಷಾಲಿಟಿ ಪದವಿ) ಸೀಟು ಸಿಕ್ಕರೆ ಹೊರಟೇಬಿಡುತ್ತಾರೇನೋ ಎಂಬ ಅನುಮಾನವೂ ಇದೆ. ಎಲ್ಲಿಂದ ಸರಿಮಾಡಲಿ?

ಉತ್ತರ: ಡ್ಯೂಟಿ ಪಟ್ಟಿಯಿಂದ ಶುರುಮಾಡಿ. ಎರಡೂ ಕಡೆಯ ದೂರಿಗೆ ಬೇರು ಒಂದೇ: ಆಕೆಯ ವಾರದ ಯಾವ ಗಂಟೆ ಯಾರಿಗೆ ಸೇರಿದ್ದು ಎಂದು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಬಾಯಿಮಾತಿನ ಒಪ್ಪಂದ ಬೆಳಿಗ್ಗೆ ಹನ್ನೊಂದು ಗಂಟೆಗೆ ಬರುವ ಒಂದು ಫೋನಿಗೆ ಮುರಿದುಬೀಳುತ್ತದೆ. "ಇದೊಂದು ಕೇಸ್ ನೋಡಿ ಹೋಗಿಬಿಡಿ" ಎಂದರೆ ಜೂನಿಯರ್ ಆದವರು ಇಲ್ಲ ಎನ್ನುವುದಿಲ್ಲ, ಎನ್ನಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಇಲ್ಲ ಎನ್ನುವ ಕೆಲಸ ಗೈಡ್‌ನದು.

ಒಂದು ಪುಟದ ಪತ್ರ ಸಾಕು. ನೀವು, ಕೋ-ಗೈಡ್, ವಿಭಾಗದ ಮುಖ್ಯಸ್ಥರು (ಎಚ್‌ಓಡಿ), ವಿದ್ಯಾರ್ಥಿನಿ ನಾಲ್ವರೂ ಸಹಿ ಹಾಕಬೇಕು. ಅದರಲ್ಲಿ ಬರಬೇಕಾದ್ದು: ಯಾವ ತಿಂಗಳುಗಳು ಲ್ಯಾಬಿನವು, ವಾರದಲ್ಲಿ ಯಾವ ದಿನದ ಓಪಿಡಿ ಆಕೆಯದು, ತಿಂಗಳಿಗೆ ಎಷ್ಟು ರಾತ್ರಿ ಡ್ಯೂಟಿ, ಆಕೆ ಇಲ್ಲದ ದಿನ ಯೂನಿಟ್‌ನಲ್ಲಿ ಕರೆ ಯಾರಿಗೆ ಹೋಗಬೇಕು, ರಜೆ ಮಂಜೂರು ಮಾಡುವವರು ಯಾರು. ಪಿಎಚ್‌ಡಿಯ ಮೊದಲ ಎರಡು ವರ್ಷ ವಾರಕ್ಕೆ ಒಂದು ಓಪಿಡಿ, ತಿಂಗಳಿಗೆ ಒಂದೋ ಎರಡೋ ಡ್ಯೂಟಿ, ಉಳಿದದ್ದೆಲ್ಲ ಸಂಶೋಧನೆ ಎಂಬುದು ನಾನು ಹೇಳುವ ಅಳತೆ. ಓಪಿಡಿಯನ್ನು ಪೂರ್ತಿ ಬಿಡಿಸಬೇಡಿ. ಕೈ ಜಡ್ಡುಗಟ್ಟುತ್ತದೆ ಎಂಬುದು ಒಂದು ಕಾರಣ. ಲ್ಯಾಬಿನಲ್ಲಿ ಬರುವ ಅಂಕಿಗೆ ಅರ್ಥ ಕೊಡುವ ರೋಗಿಗಳು ಅಲ್ಲೇ ಸಿಗುವುದು ಎಂಬುದು ಇನ್ನೂ ದೊಡ್ಡ ಕಾರಣ. 1959ರಲ್ಲಿ ಕಲ್ಕತ್ತೆಯ ಪೆಥಾಲಜಿಸ್ಟ್ ಶಂಭುನಾಥ ದೇ ಮೊಲದ ಕರುಳಿನ ತುಂಡನ್ನು ಕಟ್ಟಿ ಕಾಲರಾದ ಟಾಕ್ಸಿನ್ (ವಿಷ) ಇದೆಯೆಂದು ತೋರಿಸಿದರಲ್ಲ, ಅಂಥ ಪ್ರಶ್ನೆ ಕಾಲರಾ ರೋಗಿಗಳು ತುಂಬಿದ ಊರಿನ ವೈದ್ಯರಿಗೇ ಹೊಳೆಯುವಂಥದ್ದು.

ಸಮಯವನ್ನು ಅರ್ಧ ದಿನಗಳಾಗಿ ಕತ್ತರಿಸಬೇಡಿ. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಲ್ಯಾಬು ಎನ್ನುವುದು ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ರೌಂಡ್ಸ್ ಮುಗಿಯುವುದು ಒಂದೂವರೆಗೆ, ಊಟ ಮಾಡಿ ದಕ್ಷಿಣದಿಂದ ಹೊರಟು ಹೆಬ್ಬಾಳ ಫ್ಲೈಓವರ್ ದಾಟುವಷ್ಟರಲ್ಲಿ ಮೂರೂವರೆ. ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸಿ, ತೊಳೆದು, ಎಣಿಸಿ, ಫ್ರೀಜ್ ಮಾಡುವುದಕ್ಕೇ ಮೂರು-ನಾಲ್ಕು ಗಂಟೆ ಬೇಕು. ಕೋಶ ಬೆಳೆಸುವ ಕೆಲಸವಾದರೆ ಎರಡು-ಮೂರು ದಿನಕ್ಕೊಮ್ಮೆ ಮೀಡಿಯಾ (ಕೋಶ ಬೆಳೆಯುವ ಪೋಷಕ ದ್ರವ) ಬದಲಿಸಬೇಕು. ಡ್ಯೂಟಿ ಇತ್ತು ಎಂದರೆ ಕೋಶ ಕೇಳುವುದಿಲ್ಲ. ಆದ್ದರಿಂದ ವಾರದಲ್ಲಿ ಒಟ್ಟಿಗೆ ಮೂರು-ನಾಲ್ಕು ಪೂರ್ತಿ ದಿನ ಕೊಡಿ. ಬೆಂಚ್ ಕೆಲಸ ಹೆಚ್ಚಿರುವ ಹಂತದಲ್ಲಿ ಐದಾರು ತಿಂಗಳು ಒಂದೇ ಪಟ್ಟು, ಅಂದರೆ ನಡುವೆ ಮುರಿಯದ ಒಂದು ಅವಧಿ, ಕೊಡಿ.

ಆ ತಿಂಗಳುಗಳನ್ನು ಆರಿಸುವಾಗ ಬೆಂಗಳೂರಿನ ಮಳೆಯನ್ನು ನೋಡಿ. ಮಳೆಗಾಲ ಹಿಡಿಯಿತೆಂದರೆ ಡೆಂಗಿ ಬರುತ್ತದೆ, ಮೆಡಿಸಿನ್ ವಾರ್ಡು ತುಂಬುತ್ತದೆ, ಪ್ಲೇಟ್‌ಲೆಟ್ ಎಣಿಕೆಗೆ ಸಾಲು ನಿಲ್ಲುತ್ತದೆ. ಜುಲೈಯಿಂದ ಅಕ್ಟೋಬರ್‌ವರೆಗೆ ಯಾವ ಎಚ್‌ಓಡಿಯೂ ಆಕೆಯನ್ನು ನೆಮ್ಮದಿಯಿಂದ ಬಿಟ್ಟುಕೊಡುವುದಿಲ್ಲ. ಲ್ಯಾಬಿನ ಪಟ್ಟನ್ನು ಜನವರಿಯಿಂದ ಮೇವರೆಗೆ ಇಟ್ಟು, ಮಳೆಗಾಲವನ್ನು ರೋಗಿಗಳನ್ನು ಸೇರಿಸಿಕೊಳ್ಳುವುದಕ್ಕೂ ಬರವಣಿಗೆಗೂ ಇಡಿ. ಎಚ್‌ಓಡಿ ಆಗಲೂ ಒಪ್ಪದಿದ್ದರೆ ಬರಿಗೈಯಲ್ಲಿ ಹೋಗಿ ಕೇಳಬೇಡಿ. ಪಿಜಿಗಳ (ಎಂಡಿ ವಿದ್ಯಾರ್ಥಿಗಳ) ಜರ್ನಲ್ ಕ್ಲಬ್ ಆಕೆ ನಡೆಸುತ್ತಾರೆ, ಎಲ್ಲ ಪಿಜಿಗಳ ಸಿನಾಪ್ಸಿಸ್‌ನ (ಥೀಸಿಸ್ ಯೋಜನೆಯ ಬರಹ) ಅಂಕಿಅಂಶ ಭಾಗವನ್ನು ನೋಡಿಕೊಡುತ್ತಾರೆ ಎಂದರೆ ವಿಭಾಗಕ್ಕೂ ಲಾಭ ಕಾಣುತ್ತದೆ.

ಅಮೆರಿಕದಲ್ಲಿ ಎಂಡಿ-ಪಿಎಚ್‌ಡಿ ತರಬೇತಿಗೆ ಎನ್‌ಐಎಚ್ (ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ) ಹಣ ಕೊಡಲು ಶುರುಮಾಡಿದ್ದು 1964ರಲ್ಲಿ. ಅಲ್ಲಿ ಎರಡು ವರ್ಷ ವೈದ್ಯಕೀಯ ಪಾಠ, ಆಮೇಲೆ ಪಿಎಚ್‌ಡಿ, ಮತ್ತೆ ಆಸ್ಪತ್ರೆ ಎಂದು ಎಂಟು ವರ್ಷದಷ್ಟು ಹಿಡಿಯುವ ಓದಿನಲ್ಲಿ ಪಟ್ಟುಗಳು ಮೊದಲೇ ಕಟ್ಟಿಬಿಟ್ಟಿವೆ. ನಮ್ಮ ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಕೂಡ 2022ರ ಫೆಬ್ರವರಿಯಲ್ಲಿ 425 ಕೋಟಿ ರೂಪಾಯಿ ದೇಣಿಗೆಯೊಂದಿಗೆ ಸ್ನಾತಕೋತ್ತರ ವೈದ್ಯಕೀಯ ಶಾಲೆ ಮತ್ತು 800 ಹಾಸಿಗೆಯ ಆಸ್ಪತ್ರೆಯನ್ನು ಘೋಷಿಸಿದಾಗ ಎಂಡಿ-ಪಿಎಚ್‌ಡಿಯನ್ನು ಯೋಜನೆಯೊಳಗೇ ಇಟ್ಟಿತು. ಸಾಮಾನ್ಯ ಕಾಲೇಜಿನಲ್ಲಿ ಆ ಪಟ್ಟನ್ನು ಗೈಡ್ ಕೈಯಾರೆ ಕಟ್ಟಬೇಕು, ಪ್ರತಿ ವಿದ್ಯಾರ್ಥಿಗೂ ಬೇರೆ ಬೇರೆಯಾಗಿ.

ಎಂಡಿ ಥೀಸಿಸ್: ಮೂರು ವರ್ಷದಲ್ಲಿ ಸಿಗುವುದು ಹದಿನೈದು ತಿಂಗಳು

ನಿಮ್ಮ ಇಬ್ಬರು ಪಿಜಿಗಳ ವಿಷಯ ಬೇರೆ. ಅವರಿಗೆ ಸಮಯ ಬೆಳೆಸಲು ಬರುವುದಿಲ್ಲ, ಪ್ರಶ್ನೆಯನ್ನೇ ಚಿಕ್ಕದು ಮಾಡಬೇಕು. ಲೆಕ್ಕ ಹೀಗೆ: ಸೇರಿದ ಆರು ತಿಂಗಳೊಳಗೆ ಸಿನಾಪ್ಸಿಸ್, ಪರೀಕ್ಷೆಗೆ ಆರು ತಿಂಗಳು ಮುಂಚೆ ಥೀಸಿಸ್ ಸಲ್ಲಿಕೆ, ಅದಕ್ಕೂ ಮುಂಚೆ ವಿಶ್ಲೇಷಣೆ ಮತ್ತು ಬರವಣಿಗೆಗೆ ಆರು ತಿಂಗಳು. ಉಳಿದದ್ದು ಹದಿನೆಂಟು ತಿಂಗಳು. ಅದರಲ್ಲಿ ಎನ್‌ಎಂಸಿಯ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಡಿಸ್ಟ್ರಿಕ್ಟ್ ರೆಸಿಡೆನ್ಸಿಗೆ, ಅಂದರೆ ಜಿಲ್ಲಾ ಆಸ್ಪತ್ರೆಯ ಕೆಲಸಕ್ಕೆ, ಮೂರು ತಿಂಗಳು ಹೊರಗೆ. ಹದಿನೈದು ತಿಂಗಳು, ರಜೆ ಹಬ್ಬ ಕಳೆದು ಅರವತ್ತು ವಾರ ಇಟ್ಟುಕೊಳ್ಳಿ.

ಓಪಿಡಿಯಲ್ಲಿ ವಾರಕ್ಕೆ ಹತ್ತು ಜನ ಅರ್ಹರು ಸಿಗುತ್ತಾರೆ ಎಂದು ಪಿಜಿ ಹೇಳಿದರೆ ನಂಬಬೇಡಿ. ಅಧ್ಯಯನ ಶುರುವಾದ ದಿನದಿಂದ ರೋಗಿಗಳು ಮಾಯವಾಗುತ್ತಾರೆ; ಇದನ್ನು ಕ್ಲಿನಿಕಲ್ ಟ್ರಯಲ್ ಮಾಡುವವರು ಲೂಯಿ ಲಸಾನ್ಯಾ ಎಂಬ ಔಷಧಶಾಸ್ತ್ರಜ್ಞರ ಹೆಸರಲ್ಲಿ 'ಲಸಾನ್ಯಾ ನಿಯಮ' ಎಂದೇ ಕರೆಯುತ್ತಾರೆ. ಸಿನಾಪ್ಸಿಸ್ ಬರೆಯುವ ಮೊದಲು ಎರಡು ವಾರ ಬರೀ ಎಣಿಸಲು ಹೇಳಿ: ಎಷ್ಟು ಜನ ಬಂದರು, ಎಷ್ಟು ಜನ ಮಾನದಂಡಕ್ಕೆ ಹೊಂದಿದರು, ಎಷ್ಟು ಜನ ಯಾವ ಕಾರಣಕ್ಕೆ ಹೊರಗುಳಿದರು. ವಾರಕ್ಕೆ ನಾಲ್ಕು ಜನ ಹೊಂದಿ ಅರ್ಧದಷ್ಟು ಒಪ್ಪಿದರೆ ವಾರಕ್ಕೆ ಇಬ್ಬರು, ಅರವತ್ತು ವಾರಕ್ಕೆ ನೂರಿಪ್ಪತ್ತು.

ಈಗ ಆ ನೂರಿಪ್ಪತ್ತರಲ್ಲಿ ಏನು ಮಾಡಬಹುದು ನೋಡಿ. ಎರಡು ಗುಂಪಿನ ಸರಾಸರಿಯಲ್ಲಿ ಅರ್ಧ ಸ್ಟ್ಯಾಂಡರ್ಡ್ ಡೀವಿಯೇಷನ್‌ನಷ್ಟು (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ವ್ಯತ್ಯಾಸವನ್ನು ಶೇ 80 ಪವರ್‌ನಲ್ಲಿ (ಇರುವ ವ್ಯತ್ಯಾಸ ಕಣ್ಣಿಗೆ ಬೀಳುವ ಸಾಧ್ಯತೆ), ಶೇ 5 ಮಟ್ಟದಲ್ಲಿ (ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಸಾಧ್ಯತೆ) ಹಿಡಿಯಲು ಗುಂಪಿಗೆ 64 ಜನ ಬೇಕು, ಒಟ್ಟು 128. ಇದು ಅಂಚಿನಲ್ಲಿದೆ, ಒಂದಿಷ್ಟು ಎಳೆದರೆ ಆದೀತು. ವ್ಯತ್ಯಾಸ 0.3 ಸ್ಟ್ಯಾಂಡರ್ಡ್ ಡೀವಿಯೇಷನ್ ಮಾತ್ರ ಎಂದರೆ ಗುಂಪಿಗೆ 175 ಬೇಕು. ಆ ಪ್ರಶ್ನೆಯನ್ನು ಈ ಪಿಜಿಗೆ ಕೊಡಬಾರದು. ಶೇ 30ರಷ್ಟು ಇರಬಹುದಾದ ಯಾವುದೋ ತೊಂದರೆಯ ಪ್ರಮಾಣವನ್ನು ಶೇಕಡಾವಾರು ಐದು ಅಂಕದ ಆಚೀಚೆ ಅಳೆಯುತ್ತೇನೆ ಎಂದರೂ 323 ಜನ ಬೇಕಾಗುತ್ತದೆ. ಇಲ್ಲಿ ನಡೆಯುವ ಕೆಟ್ಟ ಆಟವೆಂದರೆ ಸಿಗಬಹುದಾದ ಸಂಖ್ಯೆಯನ್ನು ಮೊದಲು ಇಟ್ಟುಕೊಂಡು, ಅದಕ್ಕೆ ಹೊಂದುವಂತೆ ವ್ಯತ್ಯಾಸವನ್ನು ಹಿಗ್ಗಿಸುವುದು. ಸಿನಾಪ್ಸಿಸ್ ಪಾಸಾಗುತ್ತದೆ, ಮೂರನೇ ವರ್ಷದಲ್ಲಿ ಏನೂ ಕಾಣುವುದಿಲ್ಲ, ಆಗ ಗುಂಪಿನೊಳಗೆ ಗುಂಪು ಮಾಡಿ ಸಣ್ಣ ಪಿ-ಬೆಲೆ (ಫಲಿತಾಂಶ ಬರೀ ಆಕಸ್ಮಿಕವಲ್ಲ ಎನ್ನಲು ಬಳಸುವ ಅಂಕಿ) ಹುಡುಕುವ ಕೆಲಸ ಶುರು. ವಿದ್ಯಾರ್ಥಿ ಕಲಿಯುವ ಸಂಶೋಧನೆ ಅದೇ ಆಗಿಬಿಡುತ್ತದೆ.

ಎಂಬಿಬಿಎಸ್ ಹುಡುಗರು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಎಸ್‌ಟಿಎಸ್ ಎಂಬ ಅಲ್ಪಾವಧಿ ಪ್ರಾಜೆಕ್ಟಿಗೆ ನಿಮ್ಮ ಬಳಿ ಬಂದರೆ ಅವರಿಗಿರುವುದು ಎರಡೇ ತಿಂಗಳು. ಆಗಲೇ ಸಂಗ್ರಹವಾದ ದಾಖಲೆಯ ಮೇಲೆ ಒಂದು ಪ್ರಶ್ನೆ ಕೊಡಿ, ಹೊಸ ರಕ್ತ ತೆಗೆಸಬೇಡಿ.

ಅನುಮತಿಗಳು, ಒಪ್ಪಿಗೆ ಪತ್ರ

ಎರಡು ಸಂಸ್ಥೆ ಎಂದರೆ ಎರಡು ಎಥಿಕ್ಸ್ ಕಮಿಟಿ. ಒಂದರ ನಂತರ ಒಂದಕ್ಕೆ ಹೋದರೆ ಪಿಎಚ್‌ಡಿಯ ಮೊದಲ ವರ್ಷ ಅಲ್ಲೇ ಕರಗುತ್ತದೆ; ಕಮಿಟಿ ತಿಂಗಳಿಗೊಮ್ಮೆ ಕೂಡುವ ಕಡೆಯಲ್ಲೂ ಒಂದು ಸ್ಪಷ್ಟನೆ ಕೇಳಿದರೆ ಎರಡು ತಿಂಗಳು ಹೋಯಿತು. ಒಂದೇ ಪ್ರೋಟೋಕಾಲನ್ನು ಎರಡೂ ಕಡೆ ಒಂದೇ ವಾರ ಸಲ್ಲಿಸಿ, ಒಬ್ಬರು ತಿದ್ದುಪಡಿ ಕೇಳಿದರೆ ಅದೇ ದಿನ ಇನ್ನೊಬ್ಬರಿಗೂ ತಿಳಿಸಿ. ಸ್ಯಾಂಪಲ್ ಹಸ್ತಾಂತರದ ಒಪ್ಪಂದವನ್ನೂ ಲ್ಯಾಬಿನ ಬಯೋಸೇಫ್ಟಿ ಕಮಿಟಿಯ ಅರ್ಜಿಯನ್ನೂ ಜೊತೆಯಲ್ಲೇ ಹಾಕಿ. ಕ್ಲಿನಿಕಲ್ ಟ್ರಯಲ್ ಆಗಿದ್ದರೆ ಮೊದಲ ರೋಗಿ ಸೇರುವ ಮುನ್ನವೇ ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಆಗಿರಬೇಕು. 2018ರ ಏಪ್ರಿಲ್‌ನಿಂದ ಆಮೇಲೆ ನೋಂದಾಯಿಸುವ ಹಾದಿ ಮುಚ್ಚಿದೆ. ವಿದೇಶಿ ಸಹಯೋಗವಿದ್ದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿಯೂ ಇದೆ, ಆ ಕಾಯುವಿಕೆಯನ್ನು ವೇಳಾಪಟ್ಟಿಯಲ್ಲಿ ಮೊದಲೇ ಬರೆದುಕೊಳ್ಳಿ.

ಒಪ್ಪಿಗೆ ಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಈ ಊರಿನಲ್ಲಿ ಸಾಲದು. ತಮಿಳು, ತೆಲುಗು, ಉರ್ದು, ಹಿಂದಿ ಕೂಡ ಬೇಕು. ಇಲ್ಲದಿದ್ದರೆ ಆ ಭಾಷೆಯ ರೋಗಿಗಳು ಅಧ್ಯಯನದಿಂದ ತಾನಾಗಿ ಹೊರಗುಳಿಯುತ್ತಾರೆ. ಉಳಿದ ಸ್ಯಾಂಪಲನ್ನು ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳುವ ಒಪ್ಪಿಗೆಗೆ ಬೇರೆ ಚೌಕ, ಬೇರೆ ಸಹಿ ಇಡಿ. ಓದಲು ಬಾರದವರಿಗೆ ಹೆಬ್ಬೆಟ್ಟಿನ ಜೊತೆಗೆ ನಿಷ್ಪಕ್ಷಪಾತ ಸಾಕ್ಷಿಯ ಸಹಿ ಬೇಕು, ಮತ್ತು ಆ ಸಾಕ್ಷಿ ನಿಮ್ಮ ತಂಡದವರಾಗಿರಬಾರದು. ಮೊದಲ ಐದು ಒಪ್ಪಿಗೆಗಳನ್ನು ವಿದ್ಯಾರ್ಥಿ ಪಡೆಯುವಾಗ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. "ಇಲ್ಲಿ ಸೈನ್ ಮಾಡಿ ಅಜ್ಜಿ, ಬ್ಲಡ್ ಟೆಸ್ಟ್‌ಗೆ" ಎಂಬ ಮಾತು ಕಿವಿಗೆ ಬಿದ್ದರೆ ಅವತ್ತೇ ತಿದ್ದಬಹುದು.

ಒಂದು ಕೊಳವೆ ರಕ್ತದ ಪ್ರಯಾಣ

ವೈದ್ಯರಾಗಿ ಸಂಶೋಧನೆಗೆ ಬಂದವರಿಗೆ ಕಲಿಸಲೇಬೇಕಾದ ಒಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಾರ್ಡಿನಲ್ಲಿ ಸ್ಯಾಂಪಲ್ ಕಳಿಸಿದರೆ ಕೆಲಸ ಮುಗಿಯಿತು, ರಿಪೋರ್ಟ್ ಬರುತ್ತದೆ. ಸಂಶೋಧನೆಯಲ್ಲಿ ಕಳಿಸಿದ ಮೇಲೆಯೇ ಕೆಡುವುದು ಶುರು.

ಪರಿಚಿತ ಉದಾಹರಣೆ ತೆಗೆದುಕೊಳ್ಳಿ. ಬೇರ್ಪಡಿಸದೆ ಕೋಣೆಯ ಬಿಸಿಯಲ್ಲಿ ಇಟ್ಟ ರಕ್ತದಲ್ಲಿ ಗ್ಲೂಕೋಸ್ ಗಂಟೆಗೆ ಶೇ 5ರಿಂದ 7ರಷ್ಟು ಇಳಿಯುತ್ತದೆ, ಯಾಕೆಂದರೆ ಕೊಳವೆಯೊಳಗೂ ಕಣಗಳು ಬದುಕಿದ್ದು ತಿನ್ನುತ್ತಿರುತ್ತವೆ. ಹಾಗೆಯೇ ಕೆಲವು ಸೈಟೊಕೈನ್‌ಗಳು (ರೋಗನಿರೋಧಕ ಕಣಗಳು ಬಿಡುವ ಸಂದೇಶದ ಪ್ರೋಟೀನ್‌ಗಳು) ಕೊಳವೆಯಲ್ಲೇ ಏರುತ್ತವೆ. ಕೆಂಪುಕಣ ಒಡೆದರೆ ಪೊಟ್ಯಾಸಿಯಂ, ಎಲ್‌ಡಿಎಚ್ ಎಂಬ ಕಿಣ್ವ ಹೆಚ್ಚಾಗುತ್ತವೆ. ಪ್ಲಾಸ್ಮಾ (ಕಣಗಳನ್ನು ತೆಗೆದ ರಕ್ತದ ದ್ರವ) ಬೇಕಾದರೆ ಒಂದೆರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ವೇಗವಾಗಿ ತಿರುಗಿಸಿ), ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿ ಫ್ರೀಜರಿಗೆ ಸೇರಿಸಬೇಕು. ಒಂದೇ ದೊಡ್ಡ ಕೊಳವೆಯಲ್ಲಿಟ್ಟರೆ ಪ್ರತಿ ಸಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸುವುದರಲ್ಲಿ ಹಾಳಾಗುತ್ತದೆ. ಜೀವಂತ ಬಿಳಿ ಕಣ ಬೇಕಾದರೆ ರೀತಿಯೇ ಬೇರೆ. ಐಸ್ ಮೇಲೆ ಇಡಬಾರದು, ಕೋಣೆಯ ಬಿಸಿಯಲ್ಲೇ ಸಾಗಿಸಬೇಕು. ಫೈಕಾಲ್ (ಕಣಗಳನ್ನು ಪದರವಾಗಿ ಬೇರ್ಪಡಿಸುವ ದ್ರವ) ಮೇಲೆ ಹಾಕಿ 400 ಜಿಯಲ್ಲಿ (ಗುರುತ್ವದ 400 ಪಟ್ಟು ಬಲ) ಅರ್ಧ ಗಂಟೆ ತಿರುಗಿಸಬೇಕು, ಬ್ರೇಕ್ ಆಫ್ ಮಾಡಿ. ಬ್ರೇಕ್ ಇದ್ದರೆ ನಿಂತ ಪದರ ಕಲಕಿಹೋಗುತ್ತದೆ. ತಡವಾದಷ್ಟೂ ಗ್ರಾನ್ಯುಲೋಸೈಟ್‌ಗಳು (ಇಲ್ಲಿ ನಮಗೆ ಬೇಡದ ಬಗೆಯ ಬಿಳಿ ಕಣಗಳು) ಹಗುರವಾಗಿ ಬೇಕಾದ ಕಣಗಳ ಪದರಕ್ಕೇ ನುಸುಳುತ್ತವೆ. ವಾರ್ಡಿನ ಅಭ್ಯಾಸದಲ್ಲಿ "ಐಸ್‌ನಲ್ಲಿಟ್ಟರೆ ಸೇಫ್" ಎಂದು ಎಲ್ಲ ಕೊಳವೆಯನ್ನೂ ಐಸ್ ಬಾಕ್ಸಿಗೆ ಹಾಕಿ ಕಳಿಸುವುದು ಎಲ್ಲ ಕಡೆ ಆಗುವ ತಪ್ಪು.

ಇದಕ್ಕಿಂತ ನವಿರಾದ ತಪ್ಪು ಇನ್ನೊಂದಿದೆ. ರೋಗಿಗಳ ರಕ್ತ ಬೆಳಿಗ್ಗೆ ಓಪಿಡಿಯಲ್ಲಿ ತೆಗೆದದ್ದು, ನಿಮ್ಮ ಆಸ್ಪತ್ರೆಯಿಂದ ನಗರ ದಾಟಿ ಹೋಗುತ್ತದೆ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗುವುದು ನಾಲ್ಕು ಗಂಟೆ ಕಳೆದು. ಕಂಟ್ರೋಲ್ ಗುಂಪು (ಹೋಲಿಕೆಗೆ ಇಟ್ಟ, ಆ ಕಾಯಿಲೆಯಿಲ್ಲದವರು) ಲ್ಯಾಬಿನ ಪಕ್ಕದ ವಿದ್ಯಾರ್ಥಿಗಳು. ಅವರ ರಕ್ತ ಹದಿನೈದು ನಿಮಿಷದಲ್ಲಿ ತಿರುಗುತ್ತದೆ. ಆಮೇಲೆ ಸಿಗುವ ಸುಂದರವಾದ ವ್ಯತ್ಯಾಸ ಕಾಯಿಲೆಯದೋ, ಹೆಬ್ಬಾಳದ ಟ್ರಾಫಿಕ್‌ನದೋ ಯಾರೂ ಹೇಳಲಾರರು. ಆದ್ದರಿಂದ ಕಂಟ್ರೋಲ್‌ಗಳನ್ನೂ ಅದೇ ಓಪಿಡಿಯಲ್ಲಿ, ಅದೇ ಹೊತ್ತಿನಲ್ಲಿ, ಉದಾಹರಣೆಗೆ ರೋಗಿಯ ಜೊತೆ ಬಂದವರಿಂದ, ಅದೇ ಬಾಕ್ಸಿನಲ್ಲಿ ಕಳಿಸಿ. ಪ್ರತಿ ಕೊಳವೆಗೂ 'ತೆಗೆದ ಸಮಯ', 'ತಿರುಗಿಸಿದ ಸಮಯ' ಎಂಬ ಎರಡು ಕಾಲಂ ಕಡ್ಡಾಯ. ಆಸ್ಪತ್ರೆಯಲ್ಲೇ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾವನ್ನು ಡ್ರೈ ಐಸ್‌ನಲ್ಲಿ ಕಳಿಸಲು ಸಾಧ್ಯವಾದರೆ ಎಲ್ಲಕ್ಕಿಂತ ಒಳ್ಳೆಯದು. ಎಲೈಸಾ (ರಕ್ತದಲ್ಲಿನ ಪ್ರೋಟೀನ್ ಅಳೆಯುವ ಪರೀಕ್ಷೆ) ಪ್ಲೇಟಿನಲ್ಲೂ ಇದೇ ಜಾಗ್ರತೆ: 96 ಗುಳಿಯಲ್ಲಿ ಬ್ಲಾಂಕ್ (ಖಾಲಿ ದ್ರವ) ಸೇರಿ ಎಂಟು ಸ್ಟ್ಯಾಂಡರ್ಡ್ (ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣ) ಜೋಡಿಯಾಗಿ ಹಾಕಿದರೆ 16 ಹೋಯಿತು, ಉಳಿದ 80ರಲ್ಲಿ 40 ಸ್ಯಾಂಪಲ್ ಜೋಡಿ. ಎರಡನ್ನು ಗುಣಮಟ್ಟದ ಪರೀಕ್ಷೆಗೆ ಬಿಟ್ಟು 19 ರೋಗಿ, 19 ಕಂಟ್ರೋಲ್ ಕಲೆಸಿ ಹಾಕಬೇಕು. ಒಂದು ಪ್ಲೇಟ್ ಪೂರ್ತಿ ರೋಗಿಗಳು, ಇನ್ನೊಂದು ಪೂರ್ತಿ ಕಂಟ್ರೋಲ್ ಎಂದರೆ ಅಳೆದದ್ದು ಪ್ಲೇಟಿನ ವ್ಯತ್ಯಾಸವನ್ನು.

ಬಾಯಿಬಿಡದ ವಿದ್ಯಾರ್ಥಿನಿ

ಆಕೆ ಮಾತಾಡದಿರುವುದು ಸ್ವಭಾವದಿಂದಲೇ ಇರಬೇಕೆಂದಿಲ್ಲ. ಎಂಡಿಯ ಮೂರು ವರ್ಷ "ಎಸ್ ಮೇಡಂ, ಆಯ್ತು ಸರ್" ಎಂದೇ ಬದುಕಿ ಬಂದವರಿಗೆ "ಪ್ರಯೋಗ ಕೆಟ್ಟಿತು" ಎಂದು ಹೇಳುವ ಅಭ್ಯಾಸ ಇರುವುದಿಲ್ಲ. ವಾರಕ್ಕೊಮ್ಮೆ ನಲವತ್ತು ನಿಮಿಷ, ಗೊತ್ತಾದ ಹೊತ್ತಿಗೆ, ನಿಮ್ಮ ಓಪಿಡಿ ಕೋಣೆಯಲ್ಲಲ್ಲದೆ ಬೇರೆಲ್ಲಾದರೂ ಕೂತುಕೊಳ್ಳಿ. ಹಿಂದಿನ ರಾತ್ರಿ ಆಕೆ ನಾಲ್ಕು ಸಾಲು ಕಳಿಸಬೇಕು: ಏನು ಮಾಡಿದೆ, ಏನು ಕೆಟ್ಟಿತು, ಎಲ್ಲಿ ಸಿಕ್ಕಿಬಿದ್ದಿದ್ದೇನೆ, ನಿಮ್ಮಿಂದ ಏನಾಗಬೇಕು. ಬರೆದು ಹೇಳುವುದು ಎದುರಿಗೆ ಹೇಳುವುದಕ್ಕಿಂತ ಸುಲಭ. "ರಿಸಲ್ಟ್ ಬಂತಾ?" ಎಂದು ಕೇಳಬೇಡಿ, ಆ ಪ್ರಶ್ನೆ ರಿಸಲ್ಟನ್ನು ಹೇಗಾದರೂ ಬರಿಸುವವರನ್ನು ತಯಾರು ಮಾಡುತ್ತದೆ. ಗ್ರಾಫ್ ಬದಿಗಿಟ್ಟು ಕಚ್ಚಾ ಹಾಳೆ, ಲ್ಯಾಬ್ ನೋಟ್‌ಬುಕ್ ತೆರೆಸಿ, ಕೈಬಿಟ್ಟ ಅಂಕಿಗಳು ಯಾವುವು, ಯಾಕೆ ಕೈಬಿಟ್ಟಿರಿ ಎಂದು ಕೇಳಿ. ತಿಂಗಳಿಗೊಮ್ಮೆ ಕೋ-ಗೈಡ್ ಕೂಡ ಆನ್‌ಲೈನ್ ಆಗಿ ಸೇರಲಿ. ಇಬ್ಬರು ಗೈಡ್‌ಗಳು ಬೇರೆ ಬೇರೆ ಹೇಳಿದರೆ ವಿದ್ಯಾರ್ಥಿ ಇಬ್ಬರಿಗೂ ಹೂಂ ಎನ್ನುತ್ತಾರೆ, ಎರಡನ್ನೂ ಮಾಡುವುದಿಲ್ಲ.

ಅದೇ ಮೊದಲ ಸಭೆಗಳಲ್ಲಿ ಲೇಖನಗಳ ಹೆಸರಿನ ಕ್ರಮವನ್ನೂ ಮಾತಾಡಿ ಬರೆದಿಡಿ. ಲೇಖಕರ ಪಟ್ಟಿಗೆ ಸೇರಲು ಮೆಡಿಕಲ್ ಜರ್ನಲ್ ಸಂಪಾದಕರ ಸಮಿತಿಯ ನಾಲ್ಕು ಷರತ್ತೂ ಒಟ್ಟಿಗೆ ಈಡೇರಬೇಕು: ಕೆಲಸದಲ್ಲಿ ಗಣನೀಯ ಪಾಲು, ಬರೆಯುವುದರಲ್ಲಿ ಇಲ್ಲವೇ ತಿದ್ದುವುದರಲ್ಲಿ ಪಾಲು, ಕೊನೆಯ ಕರಡಿಗೆ ಒಪ್ಪಿಗೆ, ಕೆಲಸದ ಹೊಣೆ. ರೋಗಿಗಳನ್ನು ಕಳಿಸಿಕೊಟ್ಟರು ಎಂಬ ಒಂದೇ ಕಾರಣಕ್ಕೆ ಯೂನಿಟ್ ಚೀಫ್ ಹೆಸರು ಸೇರಿಸುವಂತಿಲ್ಲ. ಅವರಿಗೆ ಕೃತಜ್ಞತೆ ಸಲ್ಲಿಸಿ, ಇಲ್ಲವೇ ಮೊದಲಿಂದಲೇ ನಿಜವಾದ ಕೆಲಸ ಕೊಡಿ.

ನೀವೂ ಎಣಿಸಿಕೊಳ್ಳಿ. 2022ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮದಲ್ಲಿ ಅಸೋಸಿಯೇಟ್ ಪ್ರೊಫೆಸರ್ ಆರು ಪಿಎಚ್‌ಡಿ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳಬಹುದು. ಅದು ಗರಿಷ್ಠ ಮಿತಿ. ವಾರ್ಡು ನೋಡುವವರಿಗೆ ಎಂಡಿ ಥೀಸಿಸ್‌ಗಳ ಜೊತೆಗೆ ಇಬ್ಬರಿಗಿಂತ ಹೆಚ್ಚು ಆಗದು.

ಹಣ, ಹುದ್ದೆ, ಡಿಎಂ

ಯಾರೂ ಎತ್ತದ ವಿಷಯ ಹಣ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಕಳೆದ ಮೇಲೆ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) 42,000, ಜೊತೆಗೆ ಮನೆ ಬಾಡಿಗೆ ಭತ್ಯೆ; 2023ರ ಜನವರಿಯಿಂದ ಇರುವ ದರ ಇದು. ಎಂಡಿ ಆದ ಅದೇ ಬ್ಯಾಚಿನವರು ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಎಷ್ಟು ಗಳಿಸುತ್ತಾರೆಂದು ಆಕೆಗೂ ಗೊತ್ತು, ಆಕೆಯ ಮನೆಯವರಿಗೂ ಗೊತ್ತು. ಸಂಜೆ ಕ್ಲಿನಿಕ್ ಮಾಡಬಹುದೇ, ಫೆಲೋಶಿಪ್‌ನ ಷರತ್ತು ಏನು ಎಂಬುದನ್ನು ಕದ್ದುಮುಚ್ಚಿ ಮಾಡುವ ಮೊದಲು ನೀವೇ ಓದಿ ಹೇಳಿ. ಆಕೆ ಎಂಡಿ ನಂತರ ಒಂದು ವರ್ಷ ಸೀನಿಯರ್ ರೆಸಿಡೆನ್ಸಿ ಮಾಡಿದ್ದಾರೆಯೇ ಎಂದೂ ನೋಡಿ. ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಅದು ಬೇಕು. ಪಿಎಚ್‌ಡಿ ಮುಗಿಸಿ ಬಂದ ಮೇಲೆ ಇದು ಗೊತ್ತಾಗುವುದು ಬಹಳ ತಡ. ಪಿಎಚ್‌ಡಿ ಅವಧಿಯಲ್ಲಿ ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನದವರೆಗೆ ರಜೆ, ಮಹಿಳೆಯರಿಗೆ ಗರಿಷ್ಠ ಆರು ವರ್ಷದ ಮೇಲೆ ಇನ್ನೆರಡು ವರ್ಷದ ಸಡಿಲಿಕೆ ಇದೆ ಎಂಬುದನ್ನು ಆಕೆ ಕೇಳದೆಯೇ ತಿಳಿಸಿ. ಫೀನಾಲ್ ಇರುವ ಟ್ರೈಜಾಲ್‌ನಂಥ ರಾಸಾಯನಿಕದ ಕೆಲಸ ಇದ್ದರೆ ಗರ್ಭಿಣಿಯಾದಾಗ ಅದನ್ನು ಯಾರು ಮಾಡುತ್ತಾರೆ ಎಂಬುದೂ ಮೊದಲೇ ತೀರ್ಮಾನವಾಗಿರಲಿ. ಪಿಎಚ್‌ಡಿ ನಂತರದ ದಾರಿಗಳಲ್ಲಿ ಇಂಡಿಯಾ ಅಲಯನ್ಸ್‌ನ (ಕೇಂದ್ರ ಸರ್ಕಾರ ಮತ್ತು ಬ್ರಿಟನ್ನಿನ ವೆಲ್ಕಮ್ ಟ್ರಸ್ಟ್ ಸೇರಿ ಕಟ್ಟಿದ ಸಂಸ್ಥೆ) ಐದು ವರ್ಷದ ಕ್ಲಿನಿಕಲ್ ಫೆಲೋಶಿಪ್ ಒಂದು; ಅಂಥದಕ್ಕೆ ತಯಾರಿ ಥೀಸಿಸ್ ಸಲ್ಲಿಸುವ ಒಂದೂವರೆ ವರ್ಷ ಮುಂಚೆ ಶುರುವಾಗಬೇಕು.

ಇನ್ನು ಡಿಎಂ. ನೇರವಾಗಿ ಕೇಳಿ: "ನೀಟ್ ಎಸ್‌ಎಸ್ (ಡಿಎಂ ಪ್ರವೇಶ ಪರೀಕ್ಷೆ) ಬರೆಯುತ್ತೀರಾ?" ಹೌದು ಎಂದರೆ ಬೇಸರಪಡಬೇಡಿ. ಡಿಎಂ ಮಾಡಿದ ಸಂಶೋಧಕ ಎಂಡಿ ಮಾಡಿದ ಸಂಶೋಧಕನಿಗಿಂತ ಕೆಟ್ಟವನೇನಲ್ಲ. ಕೆಲಸವನ್ನು ಮಾತ್ರ ಈಗಲೇ ಎರಡು ಭಾಗ ಮಾಡಿ. ಮೊದಲ ಭಾಗ ಹನ್ನೆರಡು ತಿಂಗಳಲ್ಲಿ ಮುಗಿದು ಒಂದು ಸ್ವತಂತ್ರ ಲೇಖನ ಆಗುವಂಥದ್ದಾಗಿರಲಿ. ಎರಡನೆಯದನ್ನು ಆಕೆ ಇದ್ದರೆ ಆಕೆ, ಇಲ್ಲದಿದ್ದರೆ ಬೇರೊಬ್ಬರು ಮುಂದುವರಿಸುವಂತಿರಲಿ. ಹೊರಡುವುದು ಖಚಿತವಾದರೆ ಕೊನೆಯ ಮೂರು ವಾರ ಹೊಸ ಪ್ರಯೋಗ ಬೇಡ. ಫ್ರೀಜರಿನ ಬಾಕ್ಸ್‌ಗಳ ನಕ್ಷೆ, ಕೋಡ್ ಮತ್ತು ರೋಗಿಯ ಗುರುತು ಹೊಂದಿಸುವ ಪಟ್ಟಿ, ಒಪ್ಪಿಗೆ ಪತ್ರಗಳ ಫೈಲು, ವಿಶ್ಲೇಷಣೆಯ ಕಡತ ಇವನ್ನು ಮುಂದಿನವರ ಎದುರು ಕೂತು ಒಂದೊಂದಾಗಿ ತೆರೆದು ತೋರಿಸಲಿ. ಗುರುತಿನ ಪಟ್ಟಿಯ ಪ್ರತಿ ಆಕೆಯ ಲ್ಯಾಪ್‌ಟಾಪಿನಲ್ಲಿ ಉಳಿಯಬಾರದು. ಲ್ಯಾಬ್ ನೋಟ್‌ಬುಕ್ ಸಂಸ್ಥೆಯಲ್ಲೇ ಇರುತ್ತದೆ, ಸ್ಕ್ಯಾನ್ ಮಾಡಿದ ಪ್ರತಿ ಆಕೆಗೆ ಹೋಗುತ್ತದೆ. ಎಥಿಕ್ಸ್ ಕಮಿಟಿಗೆ ಸಂಶೋಧಕರು ಬದಲಾದ ಬಗ್ಗೆ ಪತ್ರ ಕೊಡಿ.